ಹೊರದೇಶದಲ್ಲಿ ಫೋನ್ ಖರ್ಚು ಕೈಮೀರದಂತೆ: ಕೊಡಗಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

"ಫಾರಿನ್‌ಗೆ ಹೊರಟಿದ್ದೀವಿ, ಯಾವ ಪ್ಯಾಕ್ ಹಾಕಿಸೋದು?" ವೀಸಾ ಕೈಗೆ ಬಂದ ಮೇಲೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ರೀಚಾರ್ಜ್ ಅಂಗಡಿಯ ಮುಂದೆ ನಿಂತು ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಪ್ಯಾಕ್‌ನಲ್ಲಿ ಎಲ್ಲವನ್ನೂ ಮುಗಿಸಲು ಹೋದಾಗಲೇ ದುಡ್ಡು ಸೋರುವುದು. ಹೊರದೇಶದಲ್ಲಿ ನಿಮ್ಮ ಫೋನಿಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಬ್ಯಾಂಕಿನ ಓಟಿಪಿ ಬರುವ ಊರಿನ ನಂಬರ್ ಜೀವಂತವಾಗಿರಬೇಕು. ದಾರಿ ನೋಡಲು, ಟ್ಯಾಕ್ಸಿ ಕರೆಯಲು, ವಾಟ್ಸ್ಆ್ಯಪ್ ನೋಡಲು ಡೇಟಾ ಬೇಕು. ಮನೆಯವರ ಜೊತೆ ಮಾತಾಡಬೇಕು. ಮೊದಲನೆಯದು ಹೆಚ್ಚುಕಮ್ಮಿ ಪುಕ್ಕಟೆಯಾಗಿ ಆಗುವಂಥದ್ದು. ಎರಡನೆಯದಕ್ಕೆ ಅಲ್ಲಿನ ಸಿಮ್ ಅಥವಾ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರಿಸುವ ಸಿಮ್) ಅಗ್ಗ. ಮೂರನೆಯದು ಮಾತ್ರ ಕೊಡಗಿನವರಿಗೆ ಸ್ವಲ್ಪ ತಲೆನೋವು. ಮಳೆಗಾಲದಲ್ಲಿ ಲೈನ್ ಕೈಕೊಡುವುದು ದುಬೈ ಕಡೆಯಿಂದಲ್ಲ, ತೋಟದ ಮನೆಯ ಕಡೆಯಿಂದ.

ಮೂರಕ್ಕೂ ಬೇರೆ ಬೇರೆ ಏರ್ಪಾಡು ಮಾಡಿಕೊಂಡರೆ ಖರ್ಚು ತಾನಾಗಿ ಇಳಿಯುತ್ತದೆ. ತಯಾರಿಗೆ ಕನಿಷ್ಠ 10–15 ದಿನ ಇಟ್ಟುಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಕೂತು ಮಾಡುವ ಕೆಲಸವಲ್ಲ ಇದು. ಆ ರಾತ್ರಿಯೇ ಕರೆಂಟ್ ಹೋಗಿ ವೈ-ಫೈ ನಿಂತಿತೆಂದರೆ ಇ-ಸಿಮ್ ಕೂರಿಸಲೂ ಆಗದು.

ಮೊದಲು ಕೈಯಲ್ಲಿರುವ ಫೋನ್ ನೋಡಿ

ಕರೆ ಮಾಡುವ ಜಾಗದಲ್ಲಿ *#06# ಒತ್ತಿ. ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆಗಳ ಜೊತೆಗೆ 'ಇಐಡಿ' ಎಂದು 32 ಅಂಕಿಯ ಸಂಖ್ಯೆ ಕಂಡರೆ ನಿಮ್ಮ ಫೋನಿನಲ್ಲಿ ಇ-ಸಿಮ್ ಇದೆ. ಕಾಣದಿದ್ದರೆ ಇಲ್ಲ. ಐಫೋನ್‌ಗಳಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಈಚೆಗೆ ಇ-ಸಿಮ್ ಬಂದಿದೆ. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಹಳಷ್ಟಕ್ಕೆ ಇಲ್ಲ. ಇಲ್ಲದಿದ್ದರೆ ಚಿಂತೆ ಬೇಡ, ಎರಡು ಸಿಮ್ ಹಾಕುವ ಫೋನಿದ್ದರೆ ಅಲ್ಲಿನ ಪ್ಲಾಸ್ಟಿಕ್ ಸಿಮ್ ಸಾಕು.

ಇಲ್ಲಿ ಕೊಂಡ ಫೋನ್‌ಗಳು ಸಾಮಾನ್ಯವಾಗಿ ಯಾವ ಸಿಮ್‌ಗೂ ಒಪ್ಪುತ್ತವೆ. ಎಡವಟ್ಟಾಗುವುದು ಅಮೆರಿಕದಿಂದ ಅಣ್ಣನೋ ಮಗಳೋ ಕಳಿಸಿದ ಫೋನಿನಲ್ಲಿ. ಕಂತಿನ ಮೇಲೆ ಕೊಂಡದ್ದಾದರೆ ಆ ಕಂಪನಿಯ ಸಿಮ್‌ಗೆ ಮಾತ್ರ ಬೀಗ ಹಾಕಿರುತ್ತಾರೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ 'ಕ್ಯಾರಿಯರ್ ಲಾಕ್' ಸಾಲು ನೋಡಿ; 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿದ್ದರೆ ಸರಿ. ಇನ್ನೊಂದು ಮಾತು: ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 14ನೇ ಮಾದರಿಯಿಂದ ಸಿಮ್ ಹಾಕುವ ತಟ್ಟೆಯೇ ಇಲ್ಲ. ಅಂಥ ಫೋನಿದ್ದರೆ ಊರಿನ ನಂಬರ್ ಕೂಡ ಇ-ಸಿಮ್ ಆಗಿಯೇ ಇರಬೇಕು.

ಅಮೆರಿಕ, ಆಸ್ಟ್ರೇಲಿಯಾಕ್ಕೆ ಹೊರಟವರು ಮತ್ತೂ ಒಂದು ವಿಷಯ ನೋಡಬೇಕು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿವೆ. ಆಸ್ಟ್ರೇಲಿಯಾದಲ್ಲಿ ಟೆಲ್‌ಸ್ಟ್ರಾ, ಆಪ್ಟಸ್ ಕಂಪನಿಗಳು 2024ರ ಅಕ್ಟೋಬರ್ ಕೊನೆಯಿಂದ ನಿಲ್ಲಿಸಿದವು. ಅಲ್ಲಿ ಮಾತು ಹೋಗುವುದು 4ಜಿ ಮೇಲೆ, ಅಂದರೆ ವಿಓಎಲ್‌ಟಿಇ ಮೂಲಕ. ಫೋನಿನ ವಿಓಎಲ್‌ಟಿಇ ಅಲ್ಲಿನ ಕಂಪನಿಯ ಜೊತೆ ಹೊಂದದಿದ್ದರೆ ಡೇಟಾ ಓಡುತ್ತದೆ, ಕರೆ ಮಾತ್ರ ಹೋಗದು. ಅಮೆರಿಕದ ಎಟಿ ಅಂಡ್ ಟಿ ಕಂಪನಿ ತನ್ನ ಪಟ್ಟಿಯಲ್ಲಿ ಇಲ್ಲದ ಫೋನ್‌ಗಳನ್ನು ಸೇರಿಸುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ ತುರ್ತು ಸಂಖ್ಯೆ 000ಕ್ಕೆ 4ಜಿ ಮೇಲೆ ಕರೆ ಮಾಡಲಾಗದ ಫೋನನ್ನು ನೆಟ್‌ವರ್ಕಿನಿಂದಲೇ ಹೊರಗಿಡುತ್ತಾರೆ. ಹಾಗಾಗಿ ಅಲ್ಲಿರುವ ಮಕ್ಕಳಿಗೆ ಐಎಂಇಐ ಸಂಖ್ಯೆ ಕಳಿಸಿ, ಅಲ್ಲಿನ ಕಂಪನಿಯ ವೆಬ್‌ಸೈಟ್‌ನಲ್ಲಿ ಪರೀಕ್ಷಿಸಲು ಹೇಳಿ. ಅವರಿಗೆ ಎರಡು ನಿಮಿಷದ ಕೆಲಸ.

ಊರಿನ ನಂಬರ್: ಓಟಿಪಿಗೆ ಮಾತ್ರ

ಅಗ್ಗದ ದಾರಿ ಎಂದರೆ ಊರಿನ ಸಿಮ್ಮನ್ನು ತೆಗೆದು ಪರ್ಸಿನಲ್ಲಿಡುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ತೆಗೆಯಬೇಡಿ. ಬ್ಯಾಂಕ್ ಆ್ಯಪ್‌ಗಳು, ಯುಪಿಐ ಆ್ಯಪ್‌ಗಳು ಆ ಸಿಮ್ ಫೋನಿನಲ್ಲಿದೆಯೇ ಎಂದು ನೋಡುತ್ತವೆ. ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳೂ ನೋಂದಾಯಿತ ಸಿಮ್ ಫೋನಿನಲ್ಲಿದ್ದರೆ ಮಾತ್ರ ನಡೆಯಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಕಂಪನಿಗಳಿಗೆ ಸೂಚಿಸಿದೆ. ಸಿಮ್ ಒಳಗಿರಲಿ, ಅದರ ಡೇಟಾ ಮಾತ್ರ ಬಂದ್ ಆಗಿರಲಿ.

ಹೊರಡುವ ಮೊದಲು ಕಂಪನಿಯ ಆ್ಯಪ್‌ನಲ್ಲಿ ಅಥವಾ ಗ್ರಾಹಕ ಸೇವೆಗೆ ಕರೆ ಮಾಡಿ ಇಂಟರ್‌ನ್ಯಾಷನಲ್ ರೋಮಿಂಗ್ (ಊರಿನ ಸಿಮ್ ಹೊರದೇಶದ ನೆಟ್‌ವರ್ಕಿನಲ್ಲೂ ನಡೆಯುವ ಸೌಲಭ್ಯ) ತೆರೆಸಿ. ಆಗ ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ:

1. ನಾನು ಹೋಗುವ ದೇಶದಲ್ಲಿ ನನ್ನ ಪ್ಲಾನ್‌ಗೆ ರೋಮಿಂಗ್ ಇದೆಯೇ? ತೋಟದ ಮನೆಯಲ್ಲಿ ಬಿಎಸ್‌ಎನ್‌ಎಲ್ ಒಂದೇ ಸಿಗುತ್ತದೆಂದು ಆ ನಂಬರನ್ನೇ ಬ್ಯಾಂಕಿಗೆ ಕೊಟ್ಟವರು ಇದನ್ನು ತಪ್ಪದೆ ಕೇಳಬೇಕು.
2. ಪ್ಯಾಕ್ ಹಾಕಿಸದೆಯೂ ಒಳಬರುವ ಎಸ್ಸೆಮ್ಮೆಸ್ ಬರುತ್ತದೆಯೇ, ಪುಕ್ಕಟೆಯೇ?
3. ಪ್ಯಾಕ್ ಇಲ್ಲದೆ ಕರೆ ಎತ್ತಿದರೆ ನಿಮಿಷಕ್ಕೆ ಎಷ್ಟು?
4. ಪ್ಯಾಕ್ ಹಾಕಿಸಿದರೆ 'ಒಂದು ದಿನ' ಎಂದರೆ 24 ಗಂಟೆಯೋ, ಮಧ್ಯರಾತ್ರಿಗೆ ಮುಗಿಯುವ ದಿನವೋ? ಯಾವ ಊರಿನ ಗಡಿಯಾರದ ಮಧ್ಯರಾತ್ರಿ?

ಸಿಮ್ ಬದಲಿಸುವುದು, 4ಜಿಯಿಂದ 5ಜಿಗೆ ಹೊಸ ಕಾರ್ಡ್ ತೆಗೆದುಕೊಳ್ಳುವುದು, ಇ-ಸಿಮ್ ಮಾಡಿಸುವುದು ಇದ್ದರೆ ಪ್ರಯಾಣಕ್ಕೆ ಒಂದು ವಾರ ಮೊದಲೇ ಮುಗಿಸಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಬೇಕೆಂಬ ನಿಯಮವಿದೆ, ಮೋಸ ತಡೆಯಲು. ಆ ಒಂದು ದಿನ ಓಟಿಪಿ ಬರದು. ವಿಮಾನ ಹತ್ತುವ ಹಿಂದಿನ ದಿನ ಸಿಮ್ ಬದಲಿಸಿ, ಇಳಿದ ಮೇಲೆ ಕಾರ್ಡ್ ನಡೆಯಲಿಲ್ಲವೆಂದು ಪರದಾಡುವುದು ಹೀಗೆಯೇ.

ಊರಿನ ನಂಬರ್ ಪ್ಲಾಸ್ಟಿಕ್ ಸಿಮ್ಮಾಗಿಯೇ ಇರುವುದು ಮೇಲು. ಫೋನ್ ಬಿದ್ದು ಒಡೆದರೆ ಕಾರ್ಡ್ ತೆಗೆದು ಬೇರೆ ಫೋನಿಗೆ ಹಾಕಬಹುದು. ಇ-ಸಿಮ್ ಒಡೆದ ಫೋನಿನೊಳಗೇ ಉಳಿಯುತ್ತದೆ. ಅದನ್ನು ಮತ್ತೆ ಪಡೆಯಲು ಅದೇ ನಂಬರಿಗೆ ಬರುವ ಸಂದೇಶ ಬೇಕಾದೀತು.

ಕರೆಗಳನ್ನು ಬೇರೆ ನಂಬರಿಗೆ ಕಳಿಸುವ ಕಾಲ್ ಫಾರ್ವರ್ಡಿಂಗ್ ಇದ್ದರೆ ಪೂರ್ತಿ ತೆಗೆದುಹಾಕಿ. 'ಎತ್ತದಿದ್ದರೆ ಫಾರ್ವರ್ಡ್' ಎಂದಿದ್ದರೆ ಕರೆ ಮೊದಲು ನಿಮ್ಮನ್ನು ಹುಡುಕಿಕೊಂಡು ಹೊರದೇಶಕ್ಕೆ ಬಂದು, ಅಲ್ಲಿಂದ ಮತ್ತೆ ಭಾರತಕ್ಕೆ ಹೋಗುತ್ತದೆ. ನೀವು ಎತ್ತದಿದ್ದರೂ ಎರಡೂ ಕಡೆಯ ದುಡ್ಡು ನಿಮ್ಮ ತಲೆಗೆ.

ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗುವವರ ಲೆಕ್ಕ ಬೇರೆ. ಪ್ರೀಪೇಯ್ಡ್ ನಂಬರ್ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸಬೇಕು ಎಂಬುದು ನಿಯಮ. ಆದರೆ ನಂಬರ್ ಉಳಿಯುವುದು ಒಂದು, ಅದಕ್ಕೆ ಸಂದೇಶ ಬರುವುದು ಇನ್ನೊಂದು. ಪ್ಲಾನ್ ಮುಗಿದ ಮೇಲೆ ಓಟಿಪಿ ನಿಂತೀತು. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರದ ಪ್ಯಾಕ್‌ಗಳನ್ನು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಅವುಗಳ ಅವಧಿ 365 ದಿನದವರೆಗೂ ಇರಬಹುದು. ವರ್ಷದ ಅಂಥ ಪ್ಯಾಕ್ ಹಾಕಿಸಿ ಹೊರಟರೆ ಆ ಕಡೆ ತಲೆ ಹಾಕುವ ಅಗತ್ಯವಿಲ್ಲ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಬಾಯಿಬಿಟ್ಟು ಕೇಳಿ.

ಡೇಟಾ: ಎಷ್ಟು ಬೇಕು, ಎಲ್ಲಿಂದ?

ದಿನಕ್ಕೆ ಎಷ್ಟು ಬೇಕೆಂದು ಮೊದಲು ಅಂದಾಜು ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಬರೀ ಮಾತಿಗೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ಅರ್ಧ ಗಂಟೆ ಮಾತಾಡಿದರೂ 15 ಎಂಬಿ. ಮುಖ ನೋಡಿ ಮಾತಾಡಿದರೆ ನಿಮಿಷಕ್ಕೆ ಐದಾರು ಎಂಬಿ, ಅರ್ಧ ಗಂಟೆಗೆ 150ರ ಮೇಲೆ. ಮ್ಯಾಪ್‌ಗೆ ತಾಸಿಗೆ ಹತ್ತಾರು ಎಂಬಿಯೂ ದಾಟದು. ನುಂಗುವುದು ವಿಡಿಯೋ ಮತ್ತು ರೀಲ್ಸ್: ತಾಸಿಗೆ ಅರ್ಧ ಜಿಬಿಗೂ ಹೆಚ್ಚು. ಅವನ್ನು ರೂಮಿನ ವೈ-ಫೈಗೆ ಬಿಟ್ಟರೆ ಹತ್ತು ದಿನಕ್ಕೆ 5 ಜಿಬಿ ಸಾಕು. 'ಅನ್‌ಲಿಮಿಟೆಡ್' ಎಂಬ ಪ್ಯಾಕ್‌ಗಳಲ್ಲೂ ದಿನದ ಮಿತಿ ದಾಟಿದ ಮೇಲೆ ವೇಗ ಇಳಿಸುತ್ತಾರೆ; ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ.

ಎರಡು ಮೂರು ದಿನದ ಪ್ರವಾಸಕ್ಕೆ, ಅಥವಾ ದಾರಿಯಲ್ಲಿ ಒಂದು ರಾತ್ರಿ ತಂಗುವುದಕ್ಕೆ ನಮ್ಮ ಕಂಪನಿಯ ರೋಮಿಂಗ್ ಪ್ಯಾಕೇ ಸುಲಭ. ಅದಕ್ಕಿಂತ ಹೆಚ್ಚಾದರೆ ಅಲ್ಲಿನ ಸಿಮ್ ಅಗ್ಗ, ಒಂದು ತಿಂಗಳು ದಾಟಿದರೆ ಬಹಳ ಅಗ್ಗ. ನಾಲ್ಕೈದು ದೇಶ ಸುತ್ತುವವರಿಗೆ, ಇಳಿದ ತಕ್ಷಣ ಸಂಪರ್ಕ ಬೇಕೆನ್ನುವವರಿಗೆ ಪ್ರವಾಸಿ ಇ-ಸಿಮ್.

ಇ-ಸಿಮ್ ಕೊಳ್ಳುವಾಗ ಒಂದು ಎಚ್ಚರ. ಭಾರತದಲ್ಲಿ ವಿದೇಶಿ ಸಿಮ್ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲವೆಂದು 2024ರ ಜನವರಿಯಲ್ಲಿ ಪ್ರವಾಸಿ ಇ-ಸಿಮ್ ಮಾರುವ ಏರಾಲೋ, ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್‌ಗಳಿಂದ ತೆಗೆಸಲಾಯಿತು. ಅನುಮತಿ ಇರುವವರಿಂದ ಕೊಳ್ಳಿ, ಅಥವಾ ಅಲ್ಲಿ ಇಳಿದ ಮೇಲೆ ಅಲ್ಲಿನ ಕಂಪನಿಯಿಂದಲೇ ತೆಗೆದುಕೊಳ್ಳಿ.

ಕೂರಿಸುವ ಕ್ರಮ ಹೀಗೆ:

1. ಮನೆಯ ವೈ-ಫೈಯಲ್ಲಿ, ಹೊರಡುವ ಎರಡು ದಿನ ಮೊದಲು ಮಾಡಿ. ಅವಧಿ ಕೂರಿಸಿದ ದಿನದಿಂದಲೋ, ಅಲ್ಲಿನ ನೆಟ್‌ವರ್ಕ್ ಹಿಡಿದ ದಿನದಿಂದಲೋ ಎಂದು ಮೊದಲೇ ನೋಡಿಕೊಳ್ಳಿ. ಮೊದಲನೆಯದಾದರೆ ಹೊರಡುವ ದಿನವೇ ಕೂರಿಸಿ.
2. ಬಂದ ಕ್ಯೂಆರ್ ಚಿತ್ರವನ್ನು ಇನ್ನೊಂದು ಫೋನಿನಲ್ಲಿ ತೆರೆಯಿರಿ ಅಥವಾ ಪ್ರಿಂಟ್ ತೆಗೆಸಿ. ಅದೇ ಫೋನಿನ ಪರದೆಯ ಮೇಲಿದ್ದರೆ ಕ್ಯಾಮೆರಾ ಹಿಡಿಯುವುದಾದರೂ ಹೇಗೆ?
3. ಸೆಟ್ಟಿಂಗ್ಸ್‌ನ ಸಿಮ್ ಭಾಗದಲ್ಲಿ 'ಆ್ಯಡ್ ಇ-ಸಿಮ್' ಒತ್ತಿ ಸ್ಕ್ಯಾನ್ ಮಾಡಿ. ಅರ್ಧದಲ್ಲಿ ವೈ-ಫೈ ಹೋಗದಂತೆ ನೋಡಿಕೊಳ್ಳಿ. ಬಹುತೇಕ ಕ್ಯೂಆರ್‌ಗಳು ಒಂದೇ ಸಲಕ್ಕೆ.
4. ಹೆಸರು ಕೊಡಿ: ಒಂದಕ್ಕೆ 'ಊರು', ಇನ್ನೊಂದಕ್ಕೆ 'ಪ್ರವಾಸ'. ಮುಂದೆ ಗೊಂದಲ ತಪ್ಪುತ್ತದೆ.
5. ಇಳಿಯುವವರೆಗೆ 'ಪ್ರವಾಸ' ಸಾಲನ್ನು ಆಫ್ ಮಾಡಿಡಿ.

ಇಳಿದ ಮೇಲೆ 'ಪ್ರವಾಸ' ಆನ್ ಮಾಡಿ, ಡೇಟಾಕ್ಕೆ ಅದನ್ನೇ ಆರಿಸಿ, ಅದರ ಡೇಟಾ ರೋಮಿಂಗ್ ಕೂಡ ಆನ್ ಮಾಡಿ. ಇಲ್ಲೇ ಹೆಚ್ಚಿನವರು ತಪ್ಪುವುದು. ರೋಮಿಂಗ್ ಎಂಬ ಮಾತಿಗೆ ಹೆದರಿ ಎರಡೂ ಸಿಮ್‌ಗಳದ್ದನ್ನು ಆಫ್ ಮಾಡಿಬಿಡುತ್ತಾರೆ. ಪ್ರವಾಸಿ ಇ-ಸಿಮ್ ಬೇರೆ ದೇಶದ ಕಂಪನಿಯದ್ದಾಗಿರುವುದೇ ಹೆಚ್ಚು, ಅಲ್ಲೂ ಅದು ರೋಮಿಂಗ್‌ನಲ್ಲೇ ಓಡುತ್ತದೆ. 'ಊರು' ಸಾಲಿನದ್ದು ಆಫ್, 'ಪ್ರವಾಸ'ದ್ದು ಆನ್. ಇಷ್ಟಾದ ಮೇಲೂ ಬರದಿದ್ದರೆ ಸಿಮ್ ಸೆಟ್ಟಿಂಗ್ಸ್‌ನಲ್ಲಿ ಎಪಿಎನ್ (ಡೇಟಾ ಸಂಪರ್ಕದ ಹೆಸರು) ಕಂಪನಿ ಕೊಟ್ಟಂತೆ ಇದೆಯೇ ನೋಡಿ, ಆಮೇಲೆ ನೆಟ್‌ವರ್ಕನ್ನು ಕೈಯಾರೆ ಆರಿಸಿ, ಕೊನೆಗೆ ಫೋನ್ ಆಫ್ ಮಾಡಿ ಆನ್ ಮಾಡಿ. ಏನೇ ಆದರೂ ಇ-ಸಿಮ್ ಅಳಿಸಬೇಡಿ.

ಐಫೋನಿನಲ್ಲಿ 'ಅಲೌ ಸೆಲ್ಯುಲಾರ್ ಡೇಟಾ ಸ್ವಿಚಿಂಗ್' ಎಂಬ ಗುಂಡಿ ಇದೆ, ಆಫ್ ಮಾಡಿ. ಇಲ್ಲದಿದ್ದರೆ ಪ್ರವಾಸಿ ಸಿಮ್ ದುರ್ಬಲವಾದಾಗ ಫೋನ್ ತಾನೇ ಊರಿನ ಸಿಮ್ಮಿನ ಡೇಟಾಕ್ಕೆ ಜಿಗಿಯಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಕುಟುಂಬದ ಗುಂಪಿನ ಗುಡ್ ಮಾರ್ನಿಂಗ್ ಚಿತ್ರಗಳೇ ದಿನಕ್ಕೆ ನೂರು ಎಂಬಿ ತಿನ್ನಬಲ್ಲವು. ಹೊಸ ಸಿಮ್ ಕಂಡು ವಾಟ್ಸ್ಆ್ಯಪ್ 'ನಂಬರ್ ಬದಲಿಸಬೇಕೇ?' ಎಂದರೆ ಬೇಡ ಎನ್ನಿ. ಹೋಗುವ ಊರಿನ ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಟಿಕೆಟ್, ವೀಸಾ, ಹೋಟೆಲ್ ವಿಳಾಸ ಕೂಡ: ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ದಾಟಿ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣಕ್ಕೆ ಹೋಗುವಾಗ ಘಾಟಿಯ ಕಾಡಿನಲ್ಲಿ ಸಿಗ್ನಲ್ ನಂಬಿ ಕೂರಬಾರದು.

ದೇಶಕ್ಕೊಂದು ಕ್ರಮ

ಅಲ್ಲಿನ ಸಿಮ್ಮಿಗೆ ಮೂಲ ಪಾಸ್‌ಪೋರ್ಟ್ ಬೇಕು, ನಕಲು ನಡೆಯುವುದು ಕಡಿಮೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪ್ರವಾಸಿಗಳಿಗೆಂದೇ ಇಟ್ಟ ದುಬಾರಿ ಪ್ಯಾಕ್ ಮೊದಲು ತೋರಿಸುತ್ತಾರೆ. ನಿಲ್ದಾಣದ ವೈ-ಫೈಯಲ್ಲಿ ಮನೆಗೆ ಒಂದು ಸಂದೇಶ ಹಾಕಿ, ಪೇಟೆಯೊಳಗಿನ ಅಂಗಡಿಯಲ್ಲಿ ಕೊಂಡರೆ ಉಳಿತಾಯ. ಬೆಳಗಿನ ಜಾವ ಎರಡಕ್ಕೆ ಇಳಿದು, ಕರೆದೊಯ್ಯುವವರು ಯಾರೂ ಇಲ್ಲದಿದ್ದರೆ ಮಾತ್ರ ಉಳಿತಾಯದ ಮಾತು ಬಿಡಿ, ಅಲ್ಲೇ ಕೊಳ್ಳಿ.

ಯುಎಇಯಲ್ಲಿ ಡೂ ಮತ್ತು ಇ ಅಂಡ್ (ಹಳೆಯ ಎತಿಸಲಾತ್) ಎಂಬ ಮೊಬೈಲ್ ಕಂಪನಿಗಳಿವೆ. ಅಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ವಾಟ್ಸ್ಆ್ಯಪ್ ಕರೆ ಹೋಗದು. ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್ ಬಳಸಬೇಕು, ಅದನ್ನು ಊರಿನ ಮನೆಯವರ ಫೋನಿಗೂ ನೀವೇ ಹಾಕಿ, ಒಂದು ಸಲ ಕರೆ ಮಾಡಿ ತೋರಿಸಿ ಹೊರಡಿ. ಹೋದ ಮೇಲೆ ಅಮ್ಮನಿಗೆ ದೂರದಿಂದ ಆ್ಯಪ್ ಹಾಕಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಇಂಟರ್‌ನೆಟ್ ತಡೆ ದಾಟಿಸುವ ವಿಪಿಎನ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಲ್ಲಿ ಅದರ ದುರ್ಬಳಕೆಗೆ ಭಾರಿ ದಂಡವಿದೆ. ಉಮ್ರಾ, ಹಜ್‌ಗೆ ಹೋಗುವವರು ಸೌದಿಯಲ್ಲಿ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಡಬೇಕು. ಹಾಗಾಗಿ ಗುಂಪಿನ ನಾಯಕ ಎಲ್ಲರ ಪಾಸ್‌ಪೋರ್ಟ್ ಒಟ್ಟು ಮಾಡಿ ಒಯ್ದರೆ ಕೆಲಸವಾಗದು, ಪ್ರತಿಯೊಬ್ಬರೂ ನಿಲ್ಲಬೇಕು.

ಯುರೋಪಿನದ್ದು ಸುಖ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಉಳಿದ ದೇಶಗಳಲ್ಲೂ ಹೆಚ್ಚುವರಿ ದರವಿಲ್ಲದೆ ನಡೆಯುತ್ತದೆ. ನಾರ್ವೆ, ಐಸ್‌ಲ್ಯಾಂಡ್, ಲೀಕ್ಟೆನ್‌ಸ್ಟೈನ್ ಕೂಡ ಸೇರಿವೆ. ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಆ ನಿಯಮದೊಳಗಿಲ್ಲ. ಪ್ಯಾರಿಸ್‌ನಲ್ಲಿ ಸಿಮ್ ಕೊಂಡು ಜ್ಯೂರಿಕ್‌ಗೆ ರೈಲು ಹತ್ತುವವರು ಪ್ಯಾಕಿನಲ್ಲಿ ಸ್ವಿಟ್ಜರ್ಲೆಂಡ್ ಇದೆಯೇ ನೋಡಿಕೊಳ್ಳಬೇಕು.

ಚೀನಾದ ಸಿಮ್ಮಿನಲ್ಲಿ ವಾಟ್ಸ್ಆ್ಯಪ್, ಗೂಗಲ್ ತೆರೆಯುವುದಿಲ್ಲ. ರೋಮಿಂಗ್ ಡೇಟಾ ಮೊದಲು ಸಿಮ್ಮಿನ ತವರು ಕಂಪನಿಗೆ ಹೋಗಿ ಅಲ್ಲಿಂದ ಇಂಟರ್‌ನೆಟ್‌ಗೆ ಸೇರುವುದರಿಂದ ಊರಿನ ಸಿಮ್ಮಿನ ರೋಮಿಂಗ್ ಪ್ಯಾಕ್ ಅಥವಾ ಹೊರದೇಶದ ಇ-ಸಿಮ್ ಇದ್ದರೆ ತೆರೆಯುತ್ತವೆ. ದುಬಾರಿಯಾದರೂ ಅಲ್ಲಿಗೆ ಅದೇ ಸರಿ. ಟರ್ಕಿಯಲ್ಲಿ ಅಲ್ಲಿನ ಸಿಮ್ ಹಾಕಿದ ಹೊರಗಿನ ಫೋನ್ 120 ದಿನದ ಮೇಲೆ ನೋಂದಣಿ ಇಲ್ಲದೆ ನಡೆಯದು. ಜಪಾನಿನ ಪ್ರವಾಸಿ ಸಿಮ್‌ಗಳಲ್ಲಿ ಬಹಳಷ್ಟು ಡೇಟಾಕ್ಕೆ ಮಾತ್ರ, ಫೋನ್ ನಂಬರ್ ಇರುವುದಿಲ್ಲ.

ಅಮೆರಿಕ, ಆಸ್ಟ್ರೇಲಿಯಾದಲ್ಲಿ ಮಕ್ಕಳ ಮನೆಗೆ ಹೋಗುವವರು ಬೇರೆ ಸಿಮ್ ಹುಡುಕುವ ಬದಲು ಅವರ ಫ್ಯಾಮಿಲಿ ಪ್ಲಾನಿಗೆ ನಿಮಗೊಂದು ನಂಬರ್ ಸೇರಿಸಲು ಹೇಳಿ. ಬಹಳ ಸಲ ಅದೇ ಅಗ್ಗ.

ಮನೆಗೆ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದಲ್ಲಿ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು), ಭಾಗಮಂಡಲ, ನಾಪೋಕ್ಲು ಕಡೆ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬಂದೀತು? ವೈ-ಫೈ ಮೊದಲೇ ಸತ್ತಿರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಎಷ್ಟೋ ಊರುಗಳ ಸಂಪರ್ಕವೇ ತಪ್ಪಿತ್ತು. ಹಾಗಾಗಿ ವಾಟ್ಸ್ಆ್ಯಪ್ ಒಂದನ್ನೇ ನಂಬಿ ಹೋಗಬೇಡಿ. ಇಂಟರ್‌ನೆಟ್ ಓಡದಷ್ಟು ಸಿಗ್ನಲ್ ಇದ್ದಾಗಲೂ ಮಾಮೂಲಿ ಕರೆ ಹೋಗುವುದುಂಟು. ಅಲ್ಲಿನ ಪ್ಲಾನ್ ಕೊಳ್ಳುವಾಗ ಭಾರತಕ್ಕೆ ಕರೆ ಮಾಡುವ ನಿಮಿಷಗಳಿರುವುದನ್ನೇ ನೋಡಿ. ಗಲ್ಫಿನ ಕಂಪನಿಗಳು ಅಂಥವನ್ನು ಮಾರುತ್ತವೆ. ಇಂಟರ್‌ನೆಟ್‌ನಿಂದ ಮಾಮೂಲಿ ಫೋನಿಗೆ ಕರೆ ಮಾಡಲು ಬಳಸುತ್ತಿದ್ದ ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ವೈಬರ್ ಆ್ಯಪಿನ 'ವೈಬರ್ ಔಟ್' ಸೇವೆ ಆ ಕೆಲಸ ಮಾಡುತ್ತದೆ. ಅಲ್ಪ ಮೊತ್ತ ಹಾಕಿಟ್ಟುಕೊಂಡಿರಿ.

ಲ್ಯಾಂಡ್‌ಲೈನ್ ಇರುವ ಮನೆಯವರು ಅದನ್ನು ತೆಗೆಸಬೇಡಿ. ಹೊರದೇಶದಿಂದ ಒತ್ತುವಾಗ ಮುಂದಿನ ಸೊನ್ನೆ ಬಿಡಬೇಕು: ಮಡಿಕೇರಿಯ 08272 ನಂಬರಿಗೆ +91 8272, ವಿರಾಜಪೇಟೆಗೆ +91 8274, ಸೋಮವಾರಪೇಟೆಗೆ +91 8276, ಆಮೇಲೆ ಮನೆಯ ನಂಬರ್. ಫೋನಿನಲ್ಲಿರುವ ಮೊಬೈಲ್ ನಂಬರ್‌ಗಳನ್ನೂ ಹೊರಡುವ ಮೊದಲೇ +91 ಸೇರಿಸಿ ತಿದ್ದಿಡಿ. ಬರೀ ಹತ್ತು ಅಂಕಿ ಒತ್ತಿದರೆ ಅಲ್ಲಿನ ನಂಬರಿಗೆ ಹೋಗುತ್ತದೆ ಅಥವಾ ಎಲ್ಲಿಗೂ ಹೋಗದು. ಮನೆಯವರ ಬಳಿ ಎರಡು ಬೇರೆ ಕಂಪನಿಗಳ ಸಿಮ್ ಇರಲಿ, ಪಕ್ಕದ ಮನೆಯವರ ಒಂದು ನಂಬರ್ ನಿಮ್ಮ ಬಳಿ ಇರಲಿ.

ಮಾತಿನ ಹೊತ್ತು ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಸಂಜೆ 7.30 ಆದಾಗ ದುಬೈಯಲ್ಲಿ 6 ಗಂಟೆ, ಲಂಡನ್ನಿನಲ್ಲಿ ಬೇಸಿಗೆಯಾದರೆ ಮಧ್ಯಾಹ್ನ 3, ನ್ಯೂಯಾರ್ಕ್‌ನಲ್ಲಿ ಬೇಸಿಗೆಯಾದರೆ ಬೆಳಗ್ಗೆ 10. ಸಿಡ್ನಿಯಲ್ಲಿ ಆಗ ನಡುರಾತ್ರಿ. ಅಲ್ಲಿಗೆ ನಮ್ಮ ಮಧ್ಯಾಹ್ನ 2.30 ಅನುಕೂಲ. ಊರಿನ ನಂಬರಿಗೆ ಕರೆ ಮಾಡಬೇಡಿ ಎಂದು ನೆಂಟರಿಗೆಲ್ಲ ಹೇಳಿ ಹೊರಡಿ. 'ಬಂದು ಮುಟ್ಟಿದಿರಾ?' ಎಂದು ಕೇಳಲು ಬರುವ ಹತ್ತು ಕರೆಗಳನ್ನು ಎತ್ತಿದರೆ ಸಿಮ್ಮಿನ ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ.

ಬಿಲ್ ಏರಿಸುವ ಇತರ ದಾರಿಗಳು

ವಿಮಾನದಲ್ಲಿ, ಕ್ರೂಸ್ ಹಡಗಿನಲ್ಲಿ ಉಪಗ್ರಹದ ಮೂಲಕ ನಡೆಯುವ ನೆಟ್‌ವರ್ಕ್ ಇರುತ್ತದೆ. ದೇಶದ ಪ್ಯಾಕ್ ಹಾಕಿಸಿದ್ದೇವೆಂದು ಅಲ್ಲಿ ಫೋನ್ ತೆರೆದಿಡಬೇಡಿ. ಅದಕ್ಕೆ ಬೇರೆ ಪ್ಯಾಕ್. ಏರೋಪ್ಲೇನ್ ಮೋಡ್ ಹಾಕಿದ್ದೀರಾ ಎಂದು ಎರಡು ಸಲ ನೋಡಿ. ಗಡಿಯ ಹತ್ತಿರ ಪಕ್ಕದ ದೇಶದ ಟವರ್ ಹಿಡಿಯುತ್ತದೆ: ನಯಾಗರದಲ್ಲಿ ಅಮೆರಿಕ–ಕೆನಡಾ, ಸಿಂಗಾಪುರದ ಉತ್ತರ ತುದಿಯಲ್ಲಿ ಮಲೇಷ್ಯಾ. ಅಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು ಕೈಯಾರೆ ಹಾಕಿ. ಗುರುತಿಲ್ಲದ ದೇಶದ ನಂಬರಿನಿಂದ ಒಂದೇ ರಿಂಗಿನ ಮಿಸ್ಡ್ ಕಾಲ್ ಬಂದರೆ ತಿರುಗಿ ಕರೆಯಬೇಡಿ, ಅದು ದುಡ್ಡು ಕೀಳುವ ಗಾಳ.

ಪೋಸ್ಟ್‌ಪೇಯ್ಡ್ ಇರುವವರು ರೋಮಿಂಗ್ ಬಿಲ್ಲಿಗೆ ಮಿತಿ ಹಾಕಿಸಿ, ಪ್ಯಾಕ್ ತಾನಾಗಿ ಮುಂದುವರಿಯುತ್ತದೆಯೇ ಕೇಳಿ. ಅಲ್ಲಿನ ಸಿಮ್ಮಿಗೆ ಕಾರ್ಡ್ ಜೋಡಿಸಿ ಆಟೋ ರೀಚಾರ್ಜ್ ಹಾಕಿದ್ದರೆ ಹೊರಡುವ ಮೊದಲೇ ತೆಗೆದುಹಾಕಿ. ಮರೆತರೆ ಮಡಿಕೇರಿಯಲ್ಲಿ ಕೂತಾಗಲೂ ತಿಂಗಳು ತಿಂಗಳು ಡಾಲರ್ ಕಡಿತವಾಗುತ್ತಿರುತ್ತದೆ.

ವಾಪಸ್ ಇಳಿದಾಗ 'ಊರು' ಸಾಲಿನ ಡೇಟಾ ಆನ್ ಮಾಡಿ, 'ಪ್ರವಾಸ' ಸಾಲನ್ನು ಬರೀ ಆಫ್ ಮಾಡಿ. ಅಳಿಸುವುದನ್ನು ಮನೆ ಮುಟ್ಟಿ, ಕನ್ನಡಕ ಹಾಕಿಕೊಂಡು ಮಾಡಿ. ವಿಮಾನ ನಿಲ್ದಾಣದ ಗಡಿಬಿಡಿಯಲ್ಲಿ ಇ-ಸಿಮ್ ಆಗಿರುವ ಊರಿನ ನಂಬರನ್ನೇ ಅಳಿಸಿಕೊಂಡರೆ ಆಧಾರ್ ಹಿಡಿದು ಕಂಪನಿಯ ಅಂಗಡಿಗೆ ಹೋಗಬೇಕು, ಆಮೇಲೆ ಮತ್ತೆ 24 ಗಂಟೆ ಓಟಿಪಿ ಇಲ್ಲ.